ಪ್ರಶ್ನೆ ಊರಿನದು, ವರದಿ ಯಾರದು?

ಈ ಬಾರಿ ಅಂಕಣಕ್ಕೆ ಬಂದ ಪತ್ರಗಳಲ್ಲಿ ಆರು ಪತ್ರಗಳು ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಬೇರೆ ಬೇರೆ ಊರುಗಳಿಂದ ಬಂದಿದ್ದರೂ ಒಂದೇ ವಿಷಯವನ್ನು ಕುರಿತವಾದ್ದರಿಂದ ಇಡೀ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ. ಸಾಮಾಜಿಕ ಜಾಲತಾಣಗಳ ಮೂಲಕ ಸಾರ್ವಜನಿಕ ಹೋರಾಟ ಕಟ್ಟಿದವರು ನೀತಿ ಸಂಶೋಧನಾ ಸಂಸ್ಥೆಗಳ ಜೊತೆ, ಅಂದರೆ ಪತ್ರಿಕೆಗಳು ‘ಚಿಂತಕರ ಚಾವಡಿ’ ಎಂದು ಕರೆಯುವ ಸಂಸ್ಥೆಗಳ ಜೊತೆ, ಕೈಜೋಡಿಸಬೇಕೇ, ಕೈಜೋಡಿಸುವುದಾದರೆ ಹೇಗೆ ಎಂಬುದು ಆ ವಿಷಯ. ಪತ್ರ ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಬಿಟ್ಟಿದ್ದೇನೆ.

ಪ್ರಶ್ನೆ: ನಾವು ಏಳೆಂಟು ಹಳ್ಳಿಗಳ ಯುವಕ ಯುವತಿಯರು. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ಬರುವ ಕೆರೆಗಳ ಸ್ಥಿತಿಯನ್ನು ಮೂರು ವರ್ಷಗಳಿಂದ ಫೇಸ್‌ಬುಕ್ ಪುಟದಲ್ಲಿ ಮತ್ತು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಚಿತ್ರಸಹಿತ ದಾಖಲಿಸುತ್ತಿದ್ದೇವೆ. ಎರಡನೇ ಹಂತದ ನಂತರವೂ ನೀರಿನಲ್ಲಿ ಉಳಿಯುವ ಸಾರಜನಕ, ರಂಜಕದಂಥವನ್ನು ತೆಗೆಯುವ ಮೂರನೇ ಹಂತದ ಶುದ್ಧೀಕರಣ ಬೇಕೆಂಬುದು ನಮ್ಮ ಒತ್ತಾಯ. ಈಗ ಬೆಂಗಳೂರಿನ ಸಂಶೋಧನಾ ಸಂಸ್ಥೆಯೊಂದು, ನಾವು ಹಳ್ಳಿಗಳಲ್ಲಿ ಮಾಹಿತಿ ಸಂಗ್ರಹಿಸಿ ಕೊಟ್ಟರೆ ತಾನು ವರದಿ ಬರೆದು ಸರ್ಕಾರಕ್ಕೆ ಸಲ್ಲಿಸುವುದಾಗಿಯೂ, ಬಿಡುಗಡೆಯಾದ ಮೇಲೆ ನಮ್ಮ ಪುಟದಲ್ಲಿ ಅದಕ್ಕೆ ಪ್ರಚಾರ ಕೊಡಬೇಕೆಂದೂ ಹೇಳಿದೆ. ‘ನೀವು ಅವರಿಗೆ ಬಿಟ್ಟಿ ಆಳುಗಳಾಗುತ್ತೀರಿ’ ಎಂದು ಊರಿನ ಹಿರಿಯರು ಎಚ್ಚರಿಸುತ್ತಿದ್ದಾರೆ. ಏನು ಮಾಡಬೇಕು?
– ಗುಂಪಿನ ಪರವಾಗಿ ಒಬ್ಬರು, ಕೋಲಾರ ತಾಲ್ಲೂಕು

ಉತ್ತರ: ಒಪ್ಪಿಕೊಳ್ಳಿ, ಆದರೆ ಅವರು ಹೇಳಿದ ಕ್ರಮದಲ್ಲಿ ಬೇಡ. ಅವರ ಪ್ರಸ್ತಾವದಲ್ಲಿ ನಿಮಗೆ ಉಳಿದಿರುವುದು ಆರಂಭದಲ್ಲಿ ಮಾಹಿತಿ ಹೆಕ್ಕುವ ಕೆಲಸ ಮತ್ತು ಕೊನೆಯಲ್ಲಿ ಡಂಗುರ ಸಾರುವ ಕೆಲಸ. ಏನನ್ನು ಕೇಳಬೇಕು, ಬಂದ ಉತ್ತರಗಳಿಂದ ಏನನ್ನು ತೀರ್ಮಾನಿಸಬೇಕು, ಸರ್ಕಾರದ ಮುಂದೆ ಯಾವ ಬೇಡಿಕೆ ಇಡಬೇಕು ಎಂಬ ನಡುವಿನ ಭಾಗವೆಲ್ಲ ಅವರ ಕೈಯಲ್ಲಿದೆ. ಹಿರಿಯರ ಕಣ್ಣಿಗೆ ಬಿದ್ದಿರುವುದು ಇದೇ, ಮತ್ತು ಅವರು ಸರಿಯಾಗಿಯೇ ಕಂಡಿದ್ದಾರೆ.

ಆದರೂ ಒಪ್ಪಿಕೊಳ್ಳಿ ಎನ್ನುವುದೇಕೆಂದು ನಿಮ್ಮದೇ ವಿಷಯದಿಂದ ಹೇಳುತ್ತೇನೆ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ, ಅಂದರೆ ಕೆ.ಸಿ. ವ್ಯಾಲಿಯ, ಕೊಳಚೆ ನೀರನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿ, ದಿನಕ್ಕೆ 440 ದಶಲಕ್ಷ ಲೀಟರ್ ಪ್ರಮಾಣದಲ್ಲಿ 126 ಕೆರೆಗಳಿಗೆ ತುಂಬಿಸುವ ಉದ್ದೇಶದ ಯೋಜನೆಯ ಮೊದಲ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತು. ಮರುತಿಂಗಳೇ ನೊರೆ ಕಾಣಿಸಿಕೊಂಡಿತು, ಅದರ ಚಿತ್ರಗಳು ಫೋನಿನಿಂದ ಫೋನಿಗೆ ಹರಿದಾಡಿದವು, ವಿಷಯ ಹೈಕೋರ್ಟ್ ತಲುಪಿ ನೀರು ಹರಿಸುವುದಕ್ಕೆ ತಡೆ ಬಿತ್ತು. ಮುಂದೆ ಅದು ಸುಪ್ರೀಂ ಕೋರ್ಟ್‌ವರೆಗೂ ಹೋಗಿ, ತಡೆ ತೆರವಾಗಿ, ನೀರು ಮತ್ತೆ ಹರಿಯಿತು. ಮೂರನೇ ಹಂತದ ಬೇಡಿಕೆ ಮಾತ್ರ ಇದ್ದಲ್ಲೇ ಉಳಿಯಿತು. ಚಿತ್ರಗಳು ಎಬ್ಬಿಸಿದ ಪ್ರಶ್ನೆಯನ್ನು ಮುಂದಕ್ಕೆ ಒಯ್ಯಲು ಚಿತ್ರಗಳಷ್ಟೇ ಸಾಲಲಿಲ್ಲ ಎಂಬುದನ್ನು ನಾವು ಒಪ್ಪಿಕೊಳ್ಳಬೇಕು. ‘ಮೂರನೇ ಹಂತ’ ಎಂದರೆ ಯಾವ ಬಗೆಯ ಘಟಕ, ಅದರಿಂದ ಹೊರಬರುವ ನೀರಿನಲ್ಲಿ ಸಾರಜನಕ, ರಂಜಕ ಮತ್ತು ಭಾರಲೋಹಗಳು ಎಷ್ಟರೊಳಗಿರಬೇಕು, ಪರೀಕ್ಷೆಯ ಮಾದರಿಯನ್ನು ಪೈಪಿನ ಬಾಯಲ್ಲಿ ತೆಗೆಯಬೇಕೋ ಸರಣಿಯ ಹತ್ತನೆಯ ಕೆರೆಯಲ್ಲಿ ತೆಗೆಯಬೇಕೋ, ಫಲಿತಾಂಶವನ್ನು ಎಷ್ಟು ದಿನಕ್ಕೊಮ್ಮೆ ಯಾರು ಪ್ರಕಟಿಸಬೇಕು, 1974ರ ಜಲ ಮಾಲಿನ್ಯ ನಿಯಂತ್ರಣ ಕಾಯ್ದೆಯಡಿ ಮಾಲಿನ್ಯ ನಿಯಂತ್ರಣ ಮಂಡಳಿ ನೀಡುವ ಸಮ್ಮತಿ ಪತ್ರದಲ್ಲಿ ಇವನ್ನು ಷರತ್ತುಗಳಾಗಿ ಬರೆಸಲು ಹೇಗೆ ಸಾಧ್ಯ – ಇವೆಲ್ಲ ವರ್ಷಗಟ್ಟಲೆ ಕಡತ ಓದಿದವರಿಗೆ ಒಲಿಯುವ ಕೆಲಸಗಳು. ಸಂಶೋಧನಾ ಸಂಸ್ಥೆ ನಿಮಗೆ ಬೇಕಾಗುವುದು ಇಲ್ಲಿ.

ಅವರಿಗೆ ನೀವು ಬೇಕಾಗುವುದು ಇದಕ್ಕಿಂತ ಹೆಚ್ಚು. ಕೆರೆ ತುಂಬಿದ ಎಷ್ಟು ದಿನಕ್ಕೆ ಏರಿಯ ಕೆಳಗಿನ ಯಾವ ಬಾವಿಯ ನೀರು ಬಣ್ಣ ತಿರುಗುತ್ತದೆ, ಯಾವ ಓಣಿಯವರು ಇಂದಿಗೂ ಕೊಳವೆಬಾವಿಯ ನೀರನ್ನೇ ಕುಡಿಯುತ್ತಾರೆ, ಎಮ್ಮೆ ಯಾವ ದಂಡೆಗೆ ಇಳಿಯುವುದನ್ನು ಬಿಟ್ಟಿದೆ, ಕೋಡಿಯಿಂದ ಹರಿದ ನೀರು ಯಾರ ತೋಟ ಸೇರುತ್ತದೆ ಎಂಬುದು ಬೆಂಗಳೂರಿನ ಕಚೇರಿಯಲ್ಲಿ ಕುಳಿತವರಿಗೆ ತಿಳಿಯುವ ದಾರಿಯೇ ಇಲ್ಲ. ನಿಮ್ಮ ಊರಿನಲ್ಲಿ ನೀರಗಂಟಿಯ, ಅಂದರೆ ಕೆರೆಯ ನೀರು ಹಂಚುವವನ, ಕೆಲಸ ಮಾಡಿದ ಹಿರಿಯರು ಇನ್ನೂ ಇದ್ದರೆ, ಅವರೊಬ್ಬರ ನೆನಪಿನಲ್ಲಿರುವುದು ಯಾವ ಉಪಗ್ರಹ ಚಿತ್ರದಲ್ಲೂ ಇರುವುದಿಲ್ಲ. ಇದನ್ನು ‘ಮಾಹಿತಿ ಸಂಗ್ರಹ’ ಎಂಬ ಸಣ್ಣ ಹೆಸರಿನಿಂದ ಕರೆಯಲು ಬಿಡಬೇಡಿ.

ಹೋರಾಟವೂ ತಜ್ಞತೆಯೂ ಸೇರಿ ಕಾನೂನು ಬದಲಿಸಿದ ದೊಡ್ಡ ಉದಾಹರಣೆ ಇಂಟರ್ನೆಟ್ಟಿಗಿಂತ ಹಿಂದಿನದು. ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1990ರಲ್ಲಿ ಹುಟ್ಟಿದಾಗ ಅದರ ಮುಂದಿದ್ದದ್ದು ಕೂಲಿಯ ಪ್ರಶ್ನೆ. ಕೂಲಿ ಏಕೆ ಪೂರ್ತಿ ಬರಲಿಲ್ಲವೆಂದು ಕೇಳಿದವರಿಗೆ ಹಾಜರಿ ಪಟ್ಟಿ ತೋರಿಸಲು ನಿರಾಕರಿಸಲಾಯಿತು, ಆ ನಿರಾಕರಣೆಯಿಂದ ಮಾಹಿತಿಯ ಹಕ್ಕಿನ ಬೇಡಿಕೆ ಮೊಳೆಯಿತು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನಗಳ ಧರಣಿ ನಡೆಯಿತು. ಅದೇ ವರ್ಷ ವಕೀಲರು, ಪತ್ರಕರ್ತರು, ನಿವೃತ್ತ ಅಧಿಕಾರಿಗಳು ಸೇರಿದ ರಾಷ್ಟ್ರೀಯ ಅಭಿಯಾನ ರೂಪುಗೊಂಡಿತು, ನ್ಯಾಯಮೂರ್ತಿ ಪಿ.ಬಿ. ಸಾವಂತ್ ಅಧ್ಯಕ್ಷತೆಯ ಭಾರತೀಯ ಪತ್ರಿಕಾ ಮಂಡಳಿ ಕಾಯ್ದೆಯ ಕರಡೊಂದನ್ನು ಸಿದ್ಧಪಡಿಸಿತು. ಕರ್ನಾಟಕ 2000ದಲ್ಲೇ ತನ್ನ ಕಾಯ್ದೆ ಮಾಡಿತು, ಕೇಂದ್ರದ ಕಾಯ್ದೆ 2005ರಲ್ಲಿ ಬಂತು. ಈ ಕಥೆಯಲ್ಲಿ ನನ್ನ ಗಮನ ಸೆಳೆಯುವುದು ಅದರ ಕ್ರಮ: ಕೂಲಿಯವರ ಪ್ರಶ್ನೆ ಮೊದಲು ಬಂತು, ಕರಡು ಬರೆಯುವ ಕೈ ನಂತರ ಸೇರಿತು, ಕರಡು ಬರೆದವರು ಪ್ರಶ್ನೆಯನ್ನು ಬದಲಿಸಲಿಲ್ಲ.

ಇದಕ್ಕೆ ವಿರುದ್ಧವಾದುದನ್ನು ನಾನೇ ಕಂಡಿದ್ದೇನೆ. ಬಹಳ ಹಿಂದೆ ಮಾಲೂರು ತಾಲ್ಲೂಕಿನಲ್ಲಿ ಕೊಳವೆಬಾವಿಗಳ ಸಮೀಕ್ಷೆಯೊಂದಕ್ಕೆ ಕೆಲವು ಗೆಳೆಯರೊಂದಿಗೆ ಎರಡು ತಿಂಗಳು ಓಡಾಡಿದ್ದೆ. ಒಂದು ಪುಟ್ಟ ಕಾಲೊನಿಯಲ್ಲಿ ಮೂರು ಕೊಳವೆಬಾವಿಗಳೂ ಬತ್ತಿ, ಹೆಂಗಸರು ಪಕ್ಕದ ಊರಿನ ತೋಟದಿಂದ ಬಿಂದಿಗೆ ಹೊತ್ತು ತರುತ್ತಿದ್ದರು. ನಾವು ಅದನ್ನು ಎರಡು ಪುಟಗಳಲ್ಲಿ ಬರೆದುಕೊಟ್ಟಿದ್ದೆವು. ವರದಿ ಬಂದಾಗ ಅದರಲ್ಲಿದ್ದದ್ದು ತಾಲ್ಲೂಕಿನ ಕೊಳವೆಬಾವಿಗಳ ಸರಾಸರಿ ಆಳ ಮಾತ್ರ. ಯಾರೂ ಸುಳ್ಳು ಬರೆದಿರಲಿಲ್ಲ, ಆದರೂ ಆ ಕಾಲೊನಿ ವರದಿಯಲ್ಲಿ ಎಲ್ಲಿಯೂ ಇರಲಿಲ್ಲ. ನಮ್ಮ ಮೂಲ ಹಾಳೆಗಳನ್ನು ಕೇಳಿದಾಗ ಅವು ಸಿಗಲಿಲ್ಲ, ನಮ್ಮಲ್ಲಿ ಪ್ರತಿಯೂ ಇರಲಿಲ್ಲ. ಆ ಹೆಂಗಸರಿಗೆ ನಾನು ಏನು ಹೇಳಬೇಕಿತ್ತೆಂಬುದು ಇಂದಿಗೂ ನನ್ನನ್ನು ಕಾಡುತ್ತದೆ.

ಆದ್ದರಿಂದ ಕೆಲಸ ಶುರುವಾಗುವ ಮೊದಲೇ ಒಂದು ಒಪ್ಪಂದ ಪತ್ರವನ್ನು ಕನ್ನಡದಲ್ಲಿ ಬರೆದುಕೊಳ್ಳಿ, ಎರಡು ಪುಟ ಸಾಕು. ಪ್ರಶ್ನಾವಳಿಯನ್ನು ಇಬ್ಬರೂ ಕೂತು ಮಾಡಬೇಕು. ಸಂಗ್ರಹಿಸಿದ ಮೂಲ ಮಾಹಿತಿಯ ಪೂರ್ಣ ಪ್ರತಿ ನಿಮ್ಮಲ್ಲಿ ಉಳಿಯಬೇಕು. ಮಾಹಿತಿ ಕೊಟ್ಟವರ ಹೆಸರು, ಫೋನ್ ಸಂಖ್ಯೆ ಅವರ ಒಪ್ಪಿಗೆಯಿಲ್ಲದೆ ಹೊರಗೆ ಹೋಗಬಾರದು. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಕೇಳುವುದೂ ಇದನ್ನೇ, ಆದರೆ ಕಾಯ್ದೆ ಇಲ್ಲದಿದ್ದರೂ ಇದು ನಾವು ಪಾಲಿಸಬೇಕಾದ ಮರ್ಯಾದೆ. ಬೆಂಗಳೂರಿನ ಸಭಾಂಗಣದಲ್ಲಿ ಬಿಡುಗಡೆಯಾಗುವ ಮೊದಲು ಕರಡು ವರದಿಯನ್ನು ನಿಮ್ಮ ಊರಿನ ಅರಳಿಕಟ್ಟೆಯ ಮೇಲೋ ಡೇರಿಯ ಮುಂದೆಯೋ ಓದಬೇಕು, ಅಲ್ಲಿ ಬಂದ ಆಕ್ಷೇಪಣೆಗಳು ವರದಿಯ ಭಾಗವಾಗಬೇಕು. ಅಧಿಕೃತ ಪರೀಕ್ಷಾ ಫಲಿತಾಂಶಗಳನ್ನು ಮಾಹಿತಿ ಹಕ್ಕಿನಡಿ ಪಡೆಯುವ ಕೆಲಸವನ್ನು ಅವರಿಗೇ ವಹಿಸಿ, ಏಕೆಂದರೆ ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಮತ್ತು 150 ಪದಗಳಿಗೆ ಸೀಮಿತವಾಗಿರಬೇಕಾದ್ದರಿಂದ ಪ್ರಶ್ನೆಯನ್ನು ಬಿಗಿಯಾಗಿ ಬರೆಯುವ ಅಭ್ಯಾಸವಿದ್ದವರ ಕೈಯಲ್ಲಿ ಅದು ಹೆಚ್ಚು ಫಲ ಕೊಡುತ್ತದೆ.

ನಿಮ್ಮ ಮೇಲೂ ಒಂದು ಹೊಣೆ ಇದೆ, ಅದನ್ನು ಹೇಳದೆ ಬಿಟ್ಟರೆ ನಾನು ನಿಮಗೆ ಮೋಸ ಮಾಡಿದಂತೆ. ಫಲಿತಾಂಶ ನಿಮ್ಮ ಮಾತಿಗೆ ವಿರುದ್ಧವಾಗಿ ಬಂದರೆ ಅದನ್ನೂ ಅದೇ ಪುಟದಲ್ಲಿ, ಅಷ್ಟೇ ದೊಡ್ಡದಾಗಿ ಪ್ರಕಟಿಸಬೇಕು. ಈ ಯೋಜನೆಯ ನಂತರ ಅಂತರ್ಜಲ ಮೇಲೇರಿದ್ದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ದಾಖಲಿಸಿದ್ದಾರೆ, ಬತ್ತಿದ ಕೊಳವೆಬಾವಿಯಲ್ಲಿ ನೀರು ಬಂದು ಟೊಮೆಟೊ ಬೆಳೆದ ರೈತರು ನಿಮ್ಮ ಹಳ್ಳಿಗಳಲ್ಲೇ ಇರಬಹುದು. ಅವರನ್ನು ವಿರೋಧಿಗಳೆಂದು ದೂರವಿಟ್ಟು ಮಾಡಿದ ಸಮೀಕ್ಷೆಯನ್ನು ಯಾವ ಅಧಿಕಾರಿಯಾದರೂ ಒಂದು ನಿಮಿಷದಲ್ಲಿ ಬದಿಗೆ ಸರಿಸಬಲ್ಲರು. ನೀರು ಬೇಕು ಮತ್ತು ಶುದ್ಧವಾಗಿ ಬೇಕು ಎಂಬುದು ಅವರದೂ ನಿಮ್ಮದೂ ಒಂದೇ ಬೇಡಿಕೆಯಾಗಲು ಸಾಧ್ಯ, ಆ ಬೇಡಿಕೆಯನ್ನು ತಳ್ಳಿಹಾಕುವುದು ಕಷ್ಟ.

ಪ್ರಶ್ನೆ: ಕರಡು ನಿಯಮಗಳಿಗೆ ಆಕ್ಷೇಪಣೆ ಕರೆದಾಗ ಹೋರಾಟದ ಪುಟಗಳು ಒಂದು ಮಾದರಿ ಇ-ಮೇಲ್ ಹಾಕಿ ‘ಎಲ್ಲರೂ ಕಳುಹಿಸಿ’ ಎನ್ನುತ್ತವೆ. ನಾನೂ ಎಷ್ಟೋ ಬಾರಿ ಕಳುಹಿಸಿದ್ದೇನೆ. ಇದನ್ನು ಯಾರಾದರೂ ಓದುತ್ತಾರೆಯೇ?
– ಪದವಿ ವಿದ್ಯಾರ್ಥಿನಿ, ಚಿಂತಾಮಣಿ

ಉತ್ತರ: ನಿಮ್ಮ ಪ್ರಶ್ನೆಗೆ ನಮ್ಮ ದೇಶದಲ್ಲೇ, ಒಂದೇ ವಿಷಯದ ಮೇಲೆ, ಒಂದೇ ವರ್ಷದೊಳಗೆ ನಡೆದ ಎರಡು ಘಟನೆಗಳು ಉತ್ತರ ಹೇಳುತ್ತವೆ. 2015ರ ಮಾರ್ಚ್‌ನಲ್ಲಿ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಇಂಟರ್ನೆಟ್ ಸೇವೆಗಳ ನಿಯಂತ್ರಣ ಕುರಿತು 118 ಪುಟಗಳ ಸಮಾಲೋಚನಾ ಪತ್ರ ಹೊರಡಿಸಿ 20 ಪ್ರಶ್ನೆಗಳನ್ನು ಕೇಳಿತು. ‘ಸೇವ್ ದಿ ಇಂಟರ್ನೆಟ್’ ಹೆಸರಿನಲ್ಲಿ ಸೇರಿದ ಸ್ವಯಂಸೇವಕರಲ್ಲಿ ತಂತ್ರಜ್ಞರೂ ವಕೀಲರೂ ಪತ್ರಕರ್ತರೂ ಇದ್ದರು. ಅವರು ಆ ಪತ್ರವನ್ನು ಓದಿ, ಸರಳಗೊಳಿಸಿ, ಕೇಳಿದ ಪ್ರಶ್ನೆಗಳಿಗೇ ಉತ್ತರವಾಗುವಂಥ ಮಾದರಿ ಪತ್ರವನ್ನು ಸಿದ್ಧಪಡಿಸಿದರು, ಹತ್ತು ಲಕ್ಷಕ್ಕೂ ಹೆಚ್ಚು ಇ-ಮೇಲ್‌ಗಳು ಟ್ರಾಯ್‌ಗೆ ಹೋದವು. ಅದೇ ವರ್ಷದ ಡಿಸೆಂಬರ್‌ನಲ್ಲಿ ದರಗಳ ತಾರತಮ್ಯ, ಅಂದರೆ ಒಂದೊಂದು ತಾಣಕ್ಕೆ ಒಂದೊಂದು ಇಂಟರ್ನೆಟ್ ದರ, ಕುರಿತು ಇನ್ನೊಂದು ಪತ್ರ ಬಂದಾಗ ಫೇಸ್‌ಬುಕ್ ಕಂಪನಿ ಆಯ್ದ ಕೆಲವು ತಾಣಗಳನ್ನಷ್ಟೇ ಉಚಿತವಾಗಿ ಕೊಡುವ ತನ್ನ ‘ಫ್ರೀ ಬೇಸಿಕ್ಸ್’ ಯೋಜನೆಯ ಪರವಾಗಿ ತನ್ನದೇ ಬಳಕೆದಾರರು ಟ್ರಾಯ್‌ಗೆ ಸಿದ್ಧ ಸಂದೇಶ ಕಳುಹಿಸುವಂತೆ ಮಾಡಿತು, ಅಂಥವು 18 ಲಕ್ಷಕ್ಕೂ ಹೆಚ್ಚಾದವು. ಕೇಳಿದ ಪ್ರಶ್ನೆಗಳಿಗೆ ಇವು ಉತ್ತರವಲ್ಲ ಎಂದು ಟ್ರಾಯ್ ನೇರವಾಗಿ ಆಕ್ಷೇಪಿಸಿತು ಮತ್ತು 2016ರ ಫೆಬ್ರವರಿ 8ರಂದು ತಾರತಮ್ಯದ ದರಗಳನ್ನು ನಿಷೇಧಿಸಿ ನಿಯಮ ಹೊರಡಿಸಿತು.

ಎರಡೂ ಕಡೆ ಮಾದರಿ ಪತ್ರವೇ ಇತ್ತು, ಎರಡನೆಯ ಬಾರಿ ಹಣಬಲವೂ ಸಂಖ್ಯೆಯೂ ಕಂಪನಿಯ ಕಡೆಗಿದ್ದವು. ಆದರೂ ಮೊದಲಿನವರ ವಾದ ಉಳಿಯಿತು, ಏಕೆಂದರೆ ಆ ಲಕ್ಷಾಂತರ ಪತ್ರಗಳ ಹಿಂದೆ ಕರಡನ್ನು ಸಾಲು ಸಾಲಾಗಿ ಓದಿದ ಕೆಲವರ ಶ್ರಮವಿತ್ತು. ನನ್ನ ಅನುಭವದಲ್ಲಿ ಅಧಿಕಾರಿಗಳು ಒಂದೇ ಬಗೆಯ ಪತ್ರಗಳನ್ನು ಕಟ್ಟು ಕಟ್ಟಿ ಒಂದೆಂದು ಎಣಿಸುತ್ತಾರೆ. ಆ ಕಟ್ಟಿನ ಗಾತ್ರ ವಿಷಯ ದೊಡ್ಡದೆಂದು ತೋರಿಸುತ್ತದೆ, ತೀರ್ಮಾನವನ್ನು ತಿದ್ದುವುದು ಮಾತ್ರ ಇಂಥ ಉಪನಿಯಮದ ಇಂಥ ಪದ ಬದಲಾಗಬೇಕು, ಕಾರಣ ಇದು ಎಂದು ಬರೆದ ಪತ್ರ. ಮುಂದಿನ ಬಾರಿ ಮಾದರಿ ಪತ್ರದ ಕೆಳಗೆ ನಿಮ್ಮ ಊರಿನ ಒಂದು ಸಂಗತಿಯನ್ನು ನಾಲ್ಕು ಸಾಲು ಸೇರಿಸಿ. ರೇಷ್ಮೆ ಬೆಳೆಯುವ ಮನೆಯಲ್ಲಿ ಆ ನಿಯಮ ಏನು ಮಾಡುತ್ತದೆ ಎಂದು ನೀವು ಬರೆದರೆ ಆ ಪತ್ರ ಕಟ್ಟಿನಿಂದ ಹೊರಗೆ ಬರುತ್ತದೆ. ಪರಿಸರ ಅನುಮತಿಯ ವಿಷಯವಾದರೆ ಇ-ಮೇಲ್‌ಗಿಂತ ದೊಡ್ಡ ಅವಕಾಶ ಸಾರ್ವಜನಿಕ ಅಹವಾಲು ಸಭೆ: ಪರಿಸರ ಪರಿಣಾಮ ಅಧ್ಯಯನದ 2006ರ ಅಧಿಸೂಚನೆಯ ಪ್ರಕಾರ ಅದಕ್ಕೆ 30 ದಿನಗಳ ಮುನ್ಸೂಚನೆ ಇರಬೇಕು, ಆಡಿದ ಮಾತು ನಡಾವಳಿಯಲ್ಲಿ ದಾಖಲಾಗಬೇಕು.

ಪ್ರಶ್ನೆ: ಅಮೆರಿಕದಲ್ಲಿ ಆನ್‌ಲೈನ್ ಹೋರಾಟಗಾರರೂ ಚಿಂತಕರ ಚಾವಡಿಗಳೂ ಒಟ್ಟಿಗೆ ಕೆಲಸ ಮಾಡುತ್ತಾರೆಂದು ಕೇಳಿದ್ದೇನೆ. ಆ ಮಾದರಿ ಇಲ್ಲಿ ನಡೆಯುತ್ತದೆಯೇ?
– ನಿವೃತ್ತ ಉಪನ್ಯಾಸಕರು, ಬಂಗಾರಪೇಟೆ

ಉತ್ತರ: ಅಲ್ಲಿ ಮೂವ್‌ಆನ್ ಎಂಬ ಗುಂಪು 1998ರಲ್ಲಿ ಒಂದು ಆನ್‌ಲೈನ್ ಮನವಿಯಿಂದ ಹುಟ್ಟಿತು. 2003ರಲ್ಲಿ ಆರಂಭವಾದ ಸೆಂಟರ್ ಫಾರ್ ಅಮೆರಿಕನ್ ಪ್ರೋಗ್ರೆಸ್ ಎಂಬ ಸಂಶೋಧನಾ ಸಂಸ್ಥೆ ತನ್ನದೇ ಸುದ್ದಿ ತಾಣವನ್ನು ನಡೆಸಿ, 2019ರಲ್ಲಿ ಅದನ್ನು ಮುಚ್ಚಿತು. ಬಲಪಂಥದ ಕಡೆಯಲ್ಲಿ 1973ರಿಂದ ಇರುವ ಹೆರಿಟೇಜ್ ಫೌಂಡೇಷನ್ 2010ರಲ್ಲಿ ಪ್ರಚಾರಕ್ಕೆಂದೇ ಪ್ರತ್ಯೇಕ ಸಹಸಂಸ್ಥೆ ಕಟ್ಟಿತು. ಅಲ್ಲಿನ ತೆರಿಗೆ ಕಾನೂನು ಸಂಶೋಧನಾ ದತ್ತಿ ಸಂಸ್ಥೆ ಚುನಾವಣಾ ಪ್ರಚಾರಕ್ಕೆ ಇಳಿಯುವುದನ್ನು ನಿಷೇಧಿಸಿ, ಶಾಸನಕ್ಕಾಗಿ ಒತ್ತಡ ಹೇರುವುದನ್ನೂ ಮಿತಿಗೊಳಿಸುವುದರಿಂದ ಈ ಎರಡು ಮನೆಗಳ ಏರ್ಪಾಡು. ಅದು ಎರಡು ಪಕ್ಷಗಳ ದೇಶ, ಪ್ರತಿಯೊಂದು ಸಂಸ್ಥೆ ಯಾವ ಪಕ್ಷದ ಹತ್ತಿರವಿದೆಯೆಂಬುದು ಎಲ್ಲರಿಗೂ ಗೊತ್ತು. ನಮ್ಮಲ್ಲಿ ಒಂದು ಕೆರೆಯ ಹೋರಾಟದಲ್ಲಿ ಮೂರು ಪಕ್ಷಗಳ ಕಾರ್ಯಕರ್ತರೂ ಇರುತ್ತಾರೆ, ಅದೇ ಆ ಹೋರಾಟದ ಶಕ್ತಿ. ಆ ಮಾದರಿಯನ್ನು ತಂದರೆ ಈ ಶಕ್ತಿ ಒಡೆಯುತ್ತದೆಂಬುದು ನನ್ನ ಭಯ.

ಪ್ರಶ್ನೆ: ಕರಪತ್ರ, ವಾಹನ, ಊಟದ ಖರ್ಚಿಗೆ ಸಂಸ್ಥೆಯೇ ಹಣ ಕೊಡುತ್ತೇನೆ ಎನ್ನುತ್ತಿದೆ. ನಮ್ಮದು ನೋಂದಣಿಯಾಗದ ಗುಂಪು. ತೆಗೆದುಕೊಳ್ಳಬಹುದೇ?
– ರೈತ ಯುವಕ, ಗೌರಿಬಿದನೂರು

ಉತ್ತರ: ಮೊದಲು ಆ ಹಣ ಎಲ್ಲಿಂದ ಬಂತೆಂದು ಲಿಖಿತವಾಗಿ ಕೇಳಿ. ವಿದೇಶಿ ದೇಣಿಗೆಯಾಗಿದ್ದರೆ ಅದನ್ನು ನಿಮಗೆ ವರ್ಗಾಯಿಸುವಂತಿಲ್ಲ, ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿ ಅದನ್ನು ಸ್ಪಷ್ಟವಾಗಿ ನಿಷೇಧಿಸಿದೆ. ಬಂದ್, ರಸ್ತೆ ತಡೆಯಂಥ ದಾರಿಯಲ್ಲಿ ಸಾಮಾಜಿಕ ಬೇಡಿಕೆಗಾಗಿ ಹೋರಾಡಿದ ಮಾತ್ರಕ್ಕೆ ಒಂದು ಸಂಸ್ಥೆ ರಾಜಕೀಯ ಸ್ವರೂಪದ್ದಾಗಿ ವಿದೇಶಿ ದೇಣಿಗೆಗೆ ಅನರ್ಹವಾಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ಹೇಳಿದ್ದರೂ, ಆ ವಾದಕ್ಕೆ ನಿಮ್ಮಂಥ ಸಣ್ಣ ಗುಂಪು ಸಿಲುಕುವ ಅಗತ್ಯವಿಲ್ಲ. ದೇಶೀಯ ಹಣವಾದರೂ ಕೈಗೆ ತೆಗೆದುಕೊಳ್ಳಬೇಡಿ, ಖರ್ಚನ್ನು ಅವರೇ ನೇರವಾಗಿ ಭರಿಸಲಿ, ಪ್ರತಿ ರೂಪಾಯಿಯ ಲೆಕ್ಕವನ್ನು ನೀವು ನಿಮ್ಮ ಗುಂಪಿನಲ್ಲಿ ಹಾಕಿ. ಊಟವನ್ನು ಊರಿನವರೇ ಹಾಕಲಿ ಎಂಬುದು ನನ್ನ ಆಸೆ. ಹತ್ತು ಮನೆಗಳಿಂದ ರಾಗಿ, ಅವರೆಕಾಳು ಬಂದರೆ ಆ ಹತ್ತು ಮನೆಯವರು ವರದಿಯಲ್ಲಿ ಏನಿದೆಯೆಂದು ಕೇಳಲು ಬರುತ್ತಾರೆ.

ಪ್ರಶ್ನೆ: ನಾನು ಸರ್ಕಾರಿ ಶಾಲೆಯ ಶಿಕ್ಷಕಿ. ಇಂಥ ಗುಂಪಿನಲ್ಲಿ ಇರಬಹುದೇ?
– ಶಿಕ್ಷಕಿ, ಶ್ರೀನಿವಾಸಪುರ

ಉತ್ತರ: ರಾಜ್ಯ ಸರ್ಕಾರಿ ನೌಕರರಿಗೆ ಅನ್ವಯಿಸುವ 2021ರ ನಾಗರಿಕ ಸೇವಾ ನಡತೆ ನಿಯಮಗಳು ಸರ್ಕಾರದ ನೀತಿಯನ್ನು ಬಹಿರಂಗವಾಗಿ ಟೀಕಿಸುವುದಕ್ಕೆ ಅಡ್ಡಿಯಾಗಿವೆ, ಆದ್ದರಿಂದ ಪುಟದ ನಿರ್ವಾಹಕಿಯಾಗುವುದು, ಹೇಳಿಕೆಗೆ ಸಹಿ ಹಾಕುವುದು ಬೇಡಮ್ಮ. ಗ್ರಾಮಸಭೆಯಲ್ಲಿ ನಿಮ್ಮ ಊರಿನ ನೀರಿನ ಬಗ್ಗೆ ಕೇಳುವುದು, ಪ್ರಜೆಯಾಗಿ ಮಾಹಿತಿ ಹಕ್ಕಿನ ಅರ್ಜಿ ಹಾಕುವುದು ನಿಮ್ಮ ಹಕ್ಕು.

ಪ್ರಶ್ನೆ: ನಮ್ಮೊಂದಿಗೆ ಕೆಲಸ ಮಾಡಿದ ಸಂಸ್ಥೆಯ ವರದಿ ಇಂಗ್ಲಿಷಿನಲ್ಲಿದೆ. ಕನ್ನಡದಲ್ಲಿ ಕೊಡಿ ಎಂದರೆ ‘ನಂತರ ಸಾರಾಂಶ ಕೊಡುತ್ತೇವೆ’ ಎನ್ನುತ್ತಾರೆ. ನಮ್ಮಲ್ಲಿ ಹಿರಿಯರು ಮಾತಾಡುವುದೇ ತೆಲುಗು. ಹಟ ಹಿಡಿಯುವುದು ಸರಿಯೇ?
– ಗ್ರಾಮ ಪಂಚಾಯಿತಿ ಸದಸ್ಯರು, ಬಾಗೇಪಲ್ಲಿ ತಾಲ್ಲೂಕು

ಉತ್ತರ: ಹಟ ಹಿಡಿಯಿರಿ. ಪರಿಸರ ಪರಿಣಾಮ ಅಧ್ಯಯನದ ಕರಡು ಅಧಿಸೂಚನೆ 2020ರಲ್ಲಿ ಬಂದಾಗ ಅದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇತ್ತು. ಅದನ್ನು ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಿಗೆ ಅನುವಾದಿಸಬೇಕೆಂದು ದೆಹಲಿ ಹೈಕೋರ್ಟ್ ಜೂನ್ 30ರಂದು ಆದೇಶಿಸಿ, ಆಕ್ಷೇಪಣೆಯ ಅವಧಿಯನ್ನು ಆಗಸ್ಟ್ 11ರವರೆಗೆ ವಿಸ್ತರಿಸಿತು. ಕರ್ನಾಟಕ ಹೈಕೋರ್ಟಿನಲ್ಲೂ ಭಾಷೆಯ ಪ್ರಶ್ನೆ ಬಂದು ಅಂತಿಮ ಅಧಿಸೂಚನೆ ಪ್ರಕಟಿಸದಂತೆ ತಾತ್ಕಾಲಿಕ ತಡೆ ಸಿಕ್ಕಿತು. ಓದಲಾಗದ ಕರಡಿಗೆ ಆಕ್ಷೇಪಣೆ ಹೇಳಲಾಗದೆಂದು ಸರ್ಕಾರದ ಮುಂದೆ ವಾದಿಸುವ ಸಂಸ್ಥೆಗಳು, ತಮ್ಮ ವರದಿಯನ್ನು ಓದಲಾಗದ ಭಾಷೆಯಲ್ಲಿ ಊರಿಗೆ ಕೊಡುವುದು ಹೇಗೆ ಸರಿಯಾದೀತು?

ಸಾರಾಂಶಕ್ಕೆ ಒಪ್ಪಬೇಡಿ. ಸಾರಾಂಶದಲ್ಲಿ ಬಿಟ್ಟುಹೋಗುವುದು ಹೆಚ್ಚಾಗಿ ನಿಮ್ಮ ಊರಿನ ವಿವರವೇ. ಕನ್ನಡದ ಪೂರ್ಣ ಕರಡನ್ನು ಮೊದಲು ಪಡೆದು, ಸಭೆಯಲ್ಲಿ ಯಾರಾದರೊಬ್ಬರು ಪುಟ ಪುಟವಾಗಿ ಅದನ್ನು ತೆಲುಗಿನಲ್ಲಿ ಹೇಳಲಿ, ಬಂದ ಉತ್ತರವನ್ನು ಇನ್ನೊಬ್ಬರು ಕನ್ನಡದಲ್ಲಿ ಬರೆದುಕೊಳ್ಳಲಿ. ಫ್ಲೋರೈಡ್ ಪ್ರಮಾಣ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬ ಸಾಲು ಬಂದಾಗ ಅಲ್ಲಿಯೇ ನಿಲ್ಲಿಸಿ, ಯಾವ ಕೊಳವೆಬಾವಿಯ ನೀರು ಅದನ್ನು ಮೀರಿದೆಯೆಂದು ಬೆರಳಿಟ್ಟು ತೋರಿಸಿ. ಹಲ್ಲು ಕಂದಾದ, ಮೊಣಕಾಲು ಬಾಗದ ಹಿರಿಯರು ಆ ಸಭೆಯಲ್ಲಿ ಕುಳಿತಿರುತ್ತಾರೆ, ತಾವು ಎಷ್ಟು ವರ್ಷ ಆ ನೀರು ಕುಡಿದೆವೆಂದು ಅವರು ಹೇಳುತ್ತಾರೆ. ಅದನ್ನು ಅವರು ಹೇಳಿದಂತೆಯೇ ಬರೆದುಕೊಂಡು, ದಿನಾಂಕ ಹಾಕಿ, ವರದಿಗೆ ಅನುಬಂಧವಾಗಿ ಸೇರಿಸುವಂತೆ ಆ ಸಂಸ್ಥೆಗೆ ಪಂಚಾಯಿತಿಯ ಪತ್ರದಲ್ಲಿ ಕೇಳಿ.